ದಡದ ಮೇಲಿನ 61 ದಿನ: ತಂಬಾಕು ಬಿಡಲು ಒದಗಿ ಬಂದ ಕಾಲ

ಮೇ 31, ವಿಶ್ವ ತಂಬಾಕು ರಹಿತ ದಿನದಂದು, ಮಲ್ಪೆ ಬಂದರಿನ ಸಮೀಪದ ಸಭಾಭವನವೊಂದರಲ್ಲಿ ಬೋಟಿನ ಕೆಲಸಗಾರರು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಅಂದು ನಾನು ಹೆಚ್ಚಾಗಿ ತುಳುವಿನಲ್ಲಿ ಮಾತನಾಡಿದ್ದೆ. ಬರೆಯುವಾಗ ಕನ್ನಡಕ್ಕೆ ತಂದಿದ್ದೇನೆ, ಸಭೆಯಲ್ಲಿ ಕೇಳಿದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಹಿರಿಯರೇ, ತಾಂಡೇಲರೇ (ಬೋಟು ನಡೆಸುವವರೇ), ಕಲಾಸಿಗಳೇ (ಬೋಟಿನ ಕೆಲಸಗಾರರೇ), ಮನೆಯ ಕೆಲಸ ಬದಿಗಿಟ್ಟು ಬಂದಿರುವ ಅಕ್ಕಂದಿರೇ,

ನಾನು ಇಲ್ಲಿಗೆ ಬರುವ ದಾರಿಯಲ್ಲಿ ಬೋಟುಗಳು ನಿಲ್ಲುವ ದಕ್ಕೆಯ ಕಡೆ ಒಮ್ಮೆ ಹೋಗಿ ಬಂದೆ. ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿವೆ, ಬಲೆಗಳು ಇಳಿಯುತ್ತಿವೆ. ನಾಳೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡಲು ಬಿಟ್ಟ ಕಾಲವಿದು, ಒಟ್ಟು 61 ದಿನ. ತಂಬಾಕು ರಹಿತ ದಿನವೂ ಮೀನುಗಾರಿಕೆ ರಜೆಯ ಮುನ್ನಾದಿನವೂ ಒಂದೇ ಆಗಿರುವುದು ಯಾರೂ ಯೋಚಿಸಿ ಮಾಡಿದ್ದಲ್ಲ. ಆದರೆ ಬಾಯಿಯ ಕಾಯಿಲೆಗಳನ್ನು ನೋಡುವುದೇ ಕೆಲಸವಾಗಿರುವ ನನಗೆ, ತಂಬಾಕು ಬಿಡಲು ಇದಕ್ಕಿಂತ ಅನುಕೂಲವಾದ ಎರಡು ತಿಂಗಳು ಬೇರೆ ಯಾವ ಕಸುಬಿನವರಿಗೂ ಸಿಗುವುದಿಲ್ಲ ಎಂದು ಹಲವು ವರ್ಷಗಳಿಂದ ಅನ್ನಿಸುತ್ತಿದೆ. ಈ ಮಾತನ್ನು ನಿಮಗೆ ವಿವರವಾಗಿ ಹೇಳುವುದೇ ನಾನು ಇಂದು ಬಂದಿರುವ ಉದ್ದೇಶ.

ಹಿಂದೆಲ್ಲ ಇಂಥ ಸಭೆಗಳಿಗೆ ಬರುವಾಗ ನಾನು ಚಿತ್ರಗಳನ್ನು ತರುತ್ತಿದ್ದೆ. ಕೆನ್ನೆ ತೂತಾದ ಚಿತ್ರ, ದವಡೆ ತೆಗೆದ ಮೇಲಿನ ಮುಖದ ಚಿತ್ರ. ಜನ ನೋಡಿ ಮರುಗುತ್ತಿದ್ದರು. ಸಭೆ ಮುಗಿದು ಹೊರಗೆ ಬಂದರೆ, ಅದೇ ಜನರಲ್ಲಿ ಕೆಲವರು ಅಂಗೈಯಲ್ಲಿ ಹೊಗೆಸೊಪ್ಪು ಮತ್ತು ಸುಣ್ಣ ತಿಕ್ಕುತ್ತಾ ನಿಂತಿರುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ನನ್ನ ಉಪನ್ಯಾಸದಲ್ಲೇ ಏನೋ ಕೊರತೆಯಿದೆ ಎಂದು ತಿಳಿಯಿತು. 2016ರ ಏಪ್ರಿಲ್‌ನಿಂದ ತಂಬಾಕಿನ ಪೊಟ್ಟಣದ ಶೇ. 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿದೆ. ದಿನಕ್ಕೆ ಹತ್ತು ಸಲ ಆ ಚಿತ್ರ ನೋಡುವವರಿಗೆ ನಾನು ಹನ್ನೊಂದನೆಯ ಸಲ ತೋರಿಸಿ ಆಗುವುದೇನೂ ಇಲ್ಲ. 2016–17ರಲ್ಲಿ ನಡೆದ ರಾಷ್ಟ್ರೀಯ ಮಟ್ಟದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, ಸೇದುವವರಲ್ಲಿ ಶೇ. 55 ಮಂದಿ ಮತ್ತು ಅಗಿಯುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವು ಬಿಡಬೇಕೆಂದು ಯೋಚಿಸುತ್ತಿರುವುದಾಗಿ ಹೇಳಿದ್ದರು. ಬಿಡಬೇಕೆಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಹೇಗೆ ಎಂಬುದನ್ನು ಯಾರೂ ಕುಳಿತು ಹೇಳಿಲ್ಲ.

ಅದಕ್ಕೆ ಮೊದಲು ನನ್ನ ಮನೆಯ ಒಂದು ಸಂಗತಿ ಹೇಳಿಬಿಡುತ್ತೇನೆ. ನಾನು ಓದಿದ್ದು ಬೀಡಿಯ ದುಡ್ಡಿನಲ್ಲಿ. ನನ್ನ ಅಮ್ಮ ಬೆಳಗ್ಗೆ ಎಲೆಯನ್ನು ನೀರಿನಲ್ಲಿ ನೆನೆಸಿ, ಅಚ್ಚು ಇಟ್ಟು ಕತ್ತರಿಯಲ್ಲಿ ಕತ್ತರಿಸಿ, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಕುಳಿತರೆ, ಮಧ್ಯಾಹ್ನದ ಗಂಜಿಗೆ ಒಮ್ಮೆ ಎದ್ದು, ಸಂಜೆ ಕಟ್ಟಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ಹೋಗುವವರೆಗೆ ಕಟ್ಟುತ್ತಿದ್ದರು. ಒಂದು ಚಿಟಿಕೆ ಹೊಗೆಸೊಪ್ಪು, ಎರಡು ಬೆರಳಿನ ಸುರುಳಿ, ತಲೆ ಮಡಚಿ ಬುಡಕ್ಕೆ ನೂಲು. ಅವರ ಕೈ ನೋಡದೆಯೇ ಓಡುತ್ತಿತ್ತು. ಇಪ್ಪತ್ತೈದರ ಕಟ್ಟುಗಳಾಗಿ ಸಾವಿರ ತುಂಬಿದರೆ ನಮ್ಮ ಮನೆಯಲ್ಲಿ ಅಕ್ಕಿ, ನನ್ನ ಶಾಲೆಯ ಶುಲ್ಕ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಇಂಥ ಅಮ್ಮಂದಿರ ಮಕ್ಕಳು ಎಷ್ಟೋ ಮಂದಿ ಇಂದು ಶಿಕ್ಷಕರು, ನರ್ಸುಗಳು, ಎಂಜಿನಿಯರುಗಳು ಆಗಿದ್ದಾರೆ. ಈ ಸಭೆಯಲ್ಲಿಯೂ ಬೀಡಿ ಕಟ್ಟಿದ ಕೈಗಳಿವೆ. ಆ ದುಡಿಮೆಯನ್ನು ಹೀನಾಯ ಮಾಡುವ ಒಂದು ಶಬ್ದವೂ ನನ್ನ ಬಾಯಿಂದ ಬರಲಾರದು. ಆದರೆ ಅದೇ ತಡ್ಪೆಯ ಪಕ್ಕದಲ್ಲಿ ಕುಳಿತು ನನ್ನ ಅಪ್ಪ ಆ ಹೊಗೆಸೊಪ್ಪನ್ನೇ ಸುತ್ತಿ ಸೇದುತ್ತಿದ್ದರು. ಐವತ್ತೆಂಟನೆಯ ವಯಸ್ಸಿಗೆ ಅವರಿಗೆ ಅಂಗಳದಿಂದ ಬಾವಿಕಟ್ಟೆಯವರೆಗೆ ನಡೆಯಲು ಮೂರು ಕಡೆ ನಿಲ್ಲಬೇಕಾಗುತ್ತಿತ್ತು. ಕೊನೆಯ ಎರಡು ವರ್ಷ ಅವರು ಮಲಗಿ ನಿದ್ರೆ ಮಾಡಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯೂರಿಕೊಂಡು ರಾತ್ರಿ ಕಳೆಯುತ್ತಿದ್ದರು. ನನ್ನನ್ನು ಓದಿಸಿದ್ದೂ ಅಪ್ಪನ ಉಸಿರು ಕಿತ್ತುಕೊಂಡದ್ದೂ ಒಂದೇ ಸೊಪ್ಪು ಎಂಬ ಅರಿವಿನೊಂದಿಗೆ ನಾನು ಈ ವಿಷಯ ಮಾತನಾಡುತ್ತೇನೆ.

ಬೀಡಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೀಡಿಯಲ್ಲಿ ಸೊಪ್ಪು ಕಡಿಮೆ, ಎಲೆಯೂ ಕಾಡಿನದ್ದು, ಹಾಗಾಗಿ ಸಿಗರೇಟಿನಷ್ಟು ಕೆಟ್ಟದ್ದಲ್ಲ ಎನ್ನುತ್ತಾರೆ. ಒಂದು ಬೀಡಿಯಲ್ಲಿ ಸುಮಾರು ಕಾಲು ಗ್ರಾಂ ಹೊಗೆಸೊಪ್ಪು ಇರುವುದು ನಿಜ. ಆದರೆ ಸಿಗರೇಟಿನ ಕಾಗದದ ಮೂಲಕ ಗಾಳಿ ಒಳಹೋಗುತ್ತದೆ, ಬೀಡಿ ಎಲೆಯ ಮೂಲಕ ಹೋಗುವುದಿಲ್ಲ. ಎಳೆಯದೆ ಒಂದು ನಿಮಿಷ ಬಿಟ್ಟರೆ ಬೀಡಿ ಆರಿಹೋಗುತ್ತದೆ, ಆದ್ದರಿಂದ ಸೇದುವವರು ಮತ್ತೆ ಮತ್ತೆ, ಹೆಚ್ಚು ಆಳವಾಗಿ ಎಳೆಯುತ್ತಾರೆ. ಹೀಗಾಗಿ ಕಡಿಮೆ ಸೊಪ್ಪಿನಿಂದಲೇ ಸಿಗರೇಟಿಗಿಂತ ಹೆಚ್ಚು ನಿಕೋಟಿನ್, ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ.

ಹೊಗೆಯ ಕಥೆ ಇಷ್ಟು. ನನ್ನ ಕಣ್ಣಿಗೆ ದಿನವೂ ಬೀಳುವುದು ಅಗಿಯುವ ತಂಬಾಕು. 2016–17ರ ಅದೇ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸೇದುವವರು ಶೇ. 10.7 ಇದ್ದರೆ, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4, ಅಂದರೆ ಸರಿಯಾಗಿ ಎರಡರಷ್ಟು. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಬಾಯಿಯದು ಎಂಬುದಕ್ಕೆ ಮುಖ್ಯ ಕಾರಣ ಇಲ್ಲಿದೆ. ಬೋಟಿನಲ್ಲಿ ಅಗಿಯುವವರೇ ಹೆಚ್ಚು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಡೀಸೆಲ್ ಇರುವಲ್ಲಿ, ಗಾಳಿ ಬೀಸುವಲ್ಲಿ ಬೆಂಕಿ ಹೊತ್ತಿಸುವುದಕ್ಕಿಂತ ಬಾಯಲ್ಲಿ ಇಟ್ಟುಕೊಳ್ಳುವುದು ಸುಲಭ. ಬಲೆ ಬಿಟ್ಟ ಮೇಲೆ ಎಳೆಯುವವರೆಗೆ ನಿದ್ರೆ ತಡೆಯಬೇಕು, ಎರಡೂ ಕೈಗೆ ಕೆಲಸವಿರುತ್ತದೆ, ಊಟದ ಹೊತ್ತು ತಪ್ಪುತ್ತದೆ. ಊರಿನ ಹಿರಿಯರ ಬಚ್ಚಿರೆ (ವೀಳ್ಯದೆಲೆ), ಪುಗೆರೆ (ಹೊಗೆಸೊಪ್ಪು) ಇರಲಿ, ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಹುಡುಗರ ಖೈನಿ ಇರಲಿ, ಅಂಗಡಿಯ ಜರ್ದಾ ಇರಲಿ, ಬಾಯಿಯೊಳಗೆ ನಡೆಯುವುದು ಒಂದೇ.

ನಡೆಯುವುದು ಏನು ಎಂದು ಹೇಳುತ್ತೇನೆ. ಸೊಪ್ಪನ್ನು ಒಣಗಿಸಿ ಹದ ಮಾಡುವಾಗಲೇ ಅದರಲ್ಲಿ ನೈಟ್ರೋಸಮೈನ್ ಎಂಬ, ಕ್ಯಾನ್ಸರ್ ತರುವ ವಸ್ತುಗಳು ಹುಟ್ಟುತ್ತವೆ. ಸುಣ್ಣ ಸೇರಿಸಿದಾಗ ನಿಕೋಟಿನ್ ಬಾಯಿಯ ತೆಳು ಚರ್ಮವನ್ನು ಬೇಗನೆ ದಾಟುವ ರೂಪಕ್ಕೆ ತಿರುಗುತ್ತದೆ, ಸುಣ್ಣ ಹಾಕಿದರೆ "ಹಿಡಿಯುತ್ತದೆ" ಎಂದು ನೀವು ಹೇಳುವುದು ಇದನ್ನೇ. ಅದೇ ಸುಣ್ಣ ಆ ಚರ್ಮವನ್ನು ಸುಡುತ್ತದೆ. ಕೆನ್ನೆ ಮತ್ತು ಒಸಡಿನ ನಡುವೆ ಒಂದು ಸಂದು ಇದೆಯಲ್ಲ, ಅಲ್ಲಿ ಆ ಉಂಡೆ ಗಂಟೆಗಟ್ಟಲೆ ಕೂರುತ್ತದೆ. ಮೊದಲು ಅಲ್ಲಿ ಚರ್ಮ ಸುಕ್ಕುಗಟ್ಟುತ್ತದೆ, ಆಮೇಲೆ ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಲವರಲ್ಲಿ ಕೆಂಪು ಮಚ್ಚೆ. ಕೆಂಪು ಕಂಡರೆ ನಾವು ಹೆಚ್ಚು ಹೆದರುತ್ತೇವೆ. ಈ ಯಾವ ಹಂತದಲ್ಲೂ ನೋವು ಇರಬೇಕೆಂದಿಲ್ಲ. "ನೋವೇ ಇರಲಿಲ್ಲ ಡಾಕ್ಟ್ರೇ, ಹಾಗಾಗಿ ಬರಲಿಲ್ಲ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ, ಪ್ರತಿ ಸಲವೂ ಅದು ನನ್ನನ್ನು ಕಲಕುತ್ತದೆ.

ಈಗ ಎಲ್ಲರೂ ಒಂದು ಕೆಲಸ ಮಾಡಿ. ಬಲಗೈಯ ತೋರುಬೆರಳು, ನಡುಬೆರಳು, ಉಂಗುರ ಬೆರಳು, ಈ ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಅಡ್ಡ ತಿರುಗಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಸಬೇಕು. (ಇಲ್ಲಿ ಸಭೆಯಲ್ಲಿ ಸ್ವಲ್ಪ ಹೊತ್ತು ಗದ್ದಲವಾಯಿತು. ಮುಂದಿನ ಸಾಲಿನಲ್ಲಿದ್ದ ಇಪ್ಪತ್ತೈದರ ಒಳಗಿನ ಒಬ್ಬ ಹುಡುಗ ಎರಡು ಬೆರಳು ಇಟ್ಟು, ಮೂರನೆಯದನ್ನು ತುರುಕಲು ಮತ್ತೆ ಮತ್ತೆ ನೋಡಿ, ಕೈ ಇಳಿಸಿ ತಲೆ ತಗ್ಗಿಸಿದ. ಸಭೆ ಮುಗಿದ ಮೇಲೆ ಅವನ ಹತ್ತಿರ ಕುಳಿತು ಮಾತನಾಡಿದೆ.) ಎರಡೇ ಬೆರಳು ಹಿಡಿಸಿದರೆ, ಖಾರ ತಿಂದಾಗ ಬಾಯಿ ಉರಿದರೆ, ಒಳಕೆನ್ನೆ ಮುಟ್ಟಿದಾಗ ಹಗ್ಗದ ಎಳೆಗಳಂತೆ ಗಟ್ಟಿಯಾಗಿ ಸಿಕ್ಕರೆ, ಅದು ಬಾಯಿ ಬಿಗಿದುಕೊಳ್ಳುವ ಕಾಯಿಲೆಯಾಗಿರಬಹುದು. ನಾವು ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತೇವೆ. ಬಿಗಿದ ಬಾಯಿ ಪೂರ್ತಿ ಹಿಂದಿನಂತಾಗುವುದು ಕಷ್ಟ, ಇನ್ನಷ್ಟು ಬಿಗಿಯದಂತೆ ತಡೆಯಬಹುದು, ಮತ್ತು ಅದು ಕ್ಯಾನ್ಸರಿಗೆ ತಿರುಗದಂತೆ ಕಣ್ಣಿಡಬೇಕು.

ಈ ಕಾಯಿಲೆಗೆ ಮುಖ್ಯ ಕಾರಣ ಅಡಿಕೆ. ಅಡಿಕೆಯ ನಾಡಿನಲ್ಲಿ, ಅಡಿಕೆ ಇಲ್ಲದೆ ಶುಭಕಾರ್ಯವೂ ದೈವದ ಕಾರ್ಯವೂ ಇಲ್ಲದ ಊರಿನಲ್ಲಿ, ಈ ಮಾತು ಹೇಳುವುದು ನನಗೆ ಹಿತವಾದ ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವರ್ಗೀಕರಿಸಿತು. ಅದೇ ಸಂಸ್ಥೆ 2024ರಲ್ಲಿ ಮಾಡಿದ ಅಂದಾಜಿನ ಪ್ರಕಾರ, 2022ರಲ್ಲಿ ಪ್ರಪಂಚದಲ್ಲಿ ಪತ್ತೆಯಾದ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು, ಅಂದರೆ 1,20,200 ಪ್ರಕರಣಗಳು, ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಆದವು, ಅವುಗಳಲ್ಲಿ 83,400 ಭಾರತದವು. ತಾಂಬೂಲದ ಮರ್ಯಾದೆ ತಟ್ಟೆಯಲ್ಲಿ ಇರಲಿ. ಹಿರಿಯರ ಕೈಗೆ ಕೊಡಿ, ದೈವದ ಮುಂದೆ ಇಡಿ. ದಿನಕ್ಕೆ ಹತ್ತು ಸಲ ಬಾಯಲ್ಲಿ ತುಂಬಿಕೊಳ್ಳುವುದು ಆ ಮರ್ಯಾದೆಯ ಭಾಗವಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ತಂಬಾಕು ಬಿಟ್ಟೆ ಎಂದು ಹೇಳಿ ಬರುವವರಲ್ಲಿ ಕೆಲವರು ಪಾನ್ ಮಸಾಲಕ್ಕೋ ಬರಿಯ ಅಡಿಕೆಗೋ ಹೋಗಿರುತ್ತಾರೆ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿದ ಮೇಲೆ ಮಸಾಲೆಯದೊಂದು, ತಂಬಾಕಿನದೊಂದು ಎಂದು ಎರಡು ಪೊಟ್ಟಣಗಳು ಬಂದವು. ಎರಡನ್ನೂ ಬೆರೆಸಿಕೊಳ್ಳುವವರಿಗೆ ನಿಷೇಧದಿಂದ ಆದದ್ದೇನೂ ಇಲ್ಲ.

ಇನ್ನೂ ಒಂದು ಅಂಗದ ಬಗ್ಗೆ, ಅದು ನಿಮ್ಮ ಕಸುಬಿಗೆ ಸಂಬಂಧಿಸಿದ್ದು ಎಂಬ ಕಾರಣಕ್ಕೆ, ಹೇಳಬೇಕು. ಕಾಲು. ಬರ್ಜರ್ ಕಾಯಿಲೆ ಎಂದು ಒಂದಿದೆ. ಸಾಮಾನ್ಯವಾಗಿ ನಲವತ್ತೈದರ ಒಳಗಿನ ಗಂಡಸರಿಗೆ, ಅದರಲ್ಲೂ ಬೀಡಿ ಸೇದುವವರಿಗೆ ಬರುತ್ತದೆ. ಕೈಕಾಲಿನ ಸಣ್ಣ ರಕ್ತನಾಳಗಳು ಉರಿಯೂತದಿಂದ ಕಟ್ಟಿಕೊಳ್ಳುತ್ತವೆ. ಮೊದಲು ನಡೆಯುವಾಗ ಮೀನಖಂಡದಲ್ಲಿ ಹಿಡಿದಂತಾಗುತ್ತದೆ, ಬೆರಳ ತುದಿ ತಣ್ಣಗಾಗುತ್ತದೆ, ಆಮೇಲೆ ಮಾಯದ ಗಾಯ, ಕಪ್ಪಾಗುವುದು, ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುವುದು. ಮಂಜುಗಡ್ಡೆಯಲ್ಲಿ ಕೈಯಿಟ್ಟು, ನೀರಿನಲ್ಲಿ ಕಾಲಿಟ್ಟು ದುಡಿಯುವವರು ಈ ತಣ್ಣಗಾಗುವಿಕೆಯನ್ನು ಕಸುಬಿನದೇ ತೊಂದರೆ ಎಂದು ತಿಳಿದು ಸುಮ್ಮನಿರುತ್ತಾರೆ. ಈ ಕಾಯಿಲೆಯನ್ನು ತಡೆದು ನಿಲ್ಲಿಸುವ ಚಿಕಿತ್ಸೆ ಒಂದೇ, ತಂಬಾಕನ್ನು ಪೂರ್ತಿಯಾಗಿ ಬಿಡುವುದು. ದಿನಕ್ಕೆ ಒಂದು ಬೀಡಿ ಉಳಿಸಿಕೊಂಡರೂ ಅದು ಮುಂದುವರಿಯುತ್ತದೆ.

ಹೃದಯಾಘಾತ, ಪಾರ್ಶ್ವವಾಯು, ಕ್ಷಯ, ಇವೆಲ್ಲದರ ಸಾಧ್ಯತೆಯನ್ನು ತಂಬಾಕು ಹೆಚ್ಚಿಸುತ್ತದೆ. ಸೇದುವವರಿಗೆ ಕ್ಷಯ ಬರುವ ಸಾಧ್ಯತೆ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು, ಮತ್ತು ಬೋಟಿನ ಸಣ್ಣ ಕೋಣೆಯಲ್ಲಿ ಹತ್ತು ದಿನ ಒಟ್ಟಿಗೆ ಮಲಗುವವರಿಗೆ ಒಬ್ಬರ ಕೆಮ್ಮು ಎಲ್ಲರದ್ದೂ ಆಗುತ್ತದೆ. ಭಾರತದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ತಂಬಾಕಿನಿಂದ ಸಾಯುತ್ತಾರೆ. ಈ ಪಟ್ಟಿಯನ್ನು ಇಲ್ಲಿಗೆ ನಿಲ್ಲಿಸಿ ಬಿಡುವ ವಿಷಯಕ್ಕೆ ಬರುತ್ತೇನೆ.

ಬಿಡಲು ಆಗದಿರುವುದಕ್ಕೆ ಮನಸ್ಸು ಗಟ್ಟಿಯಿಲ್ಲದಿರುವುದು ಕಾರಣ ಎಂದು ಮನೆಯವರು ಬೈಯುತ್ತಾರೆ, ನೀವೂ ಅದನ್ನೇ ನಂಬಿರುತ್ತೀರಿ. ಬಿರುಗಾಳಿಯಲ್ಲಿ ಬೋಟು ನಡೆಸಿ ದಡ ಮುಟ್ಟಿಸುವ ತಾಂಡೇಲರ ಮನಸ್ಸು ಗಟ್ಟಿಯಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಸೇದಿದ ಹೊಗೆಯ ನಿಕೋಟಿನ್ ಹತ್ತು–ಇಪ್ಪತ್ತು ಸೆಕೆಂಡುಗಳಲ್ಲಿ ಮಿದುಳು ಸೇರುತ್ತದೆ. ಅಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ವರ್ಷಗಟ್ಟಲೆ ನಿಕೋಟಿನ್ ಸಿಕ್ಕಿದ ಮಿದುಳಿನಲ್ಲಿ ಅವುಗಳ ಸಂಖ್ಯೆಯೇ ಹೆಚ್ಚಾಗುತ್ತದೆ. ಎರಡು ಗಂಟೆಗೆ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿದಾಗ ಅವು ಬೇಡಿಕೆಯಿಡುತ್ತವೆ, ಆಗ ರೇಗುವುದು, ಕೈ ನಡುಗುವುದು, ಗಮನ ನಿಲ್ಲದಿರುವುದು. ಒಂದು ಚಿಟಿಕೆ ಬಾಯಿಗೆ ಬಿದ್ದಾಗ ಸಿಗುವ ನೆಮ್ಮದಿ, ಹಿಂದಿನ ಚಿಟಿಕೆ ಹುಟ್ಟಿಸಿದ ಚಡಪಡಿಕೆ ಇಳಿದದ್ದೇ ಹೊರತು ಬೇರೆ ಸುಖವಲ್ಲ. ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ವರ್ಷದ ಕೊನೆಗೂ ಬಿಟ್ಟೇ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ. ಸಲಹೆ ಮತ್ತು ಔಷಧಿ ಜೊತೆಗಿದ್ದರೆ ಈ ಸಂಖ್ಯೆ ಗಣನೀಯವಾಗಿ ಏರುತ್ತದೆ. ಆದ್ದರಿಂದ ಔಷಧಿ ತೆಗೆದುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಬಿಟ್ಟ ಮೇಲೆ ಚಡಪಡಿಕೆ ಅತಿ ಹೆಚ್ಚಾಗಿರುವುದು ಎರಡನೆಯ, ಮೂರನೆಯ ದಿನ. ಎರಡರಿಂದ ನಾಲ್ಕು ವಾರಗಳಲ್ಲಿ ಅದು ಬಹುಪಾಲು ಇಳಿಯುತ್ತದೆ. ಈ ಲೆಕ್ಕವನ್ನು ನಿಮ್ಮ ರಜೆಯ ಪಕ್ಕದಲ್ಲಿಟ್ಟು ನೋಡಿ. ಕಡಲಿನಲ್ಲಿದ್ದಾಗ ಬಿಡಲು ಹೊರಟರೆ ಮೂರನೆಯ ದಿನ ನೀವು ಬಲೆ ಎಳೆಯುತ್ತಿರುತ್ತೀರಿ, ನಿದ್ರೆಗೆಟ್ಟಿರುತ್ತೀರಿ, ಪಕ್ಕದಲ್ಲಿ ಇನ್ನೊಬ್ಬರು ಅಗಿಯುತ್ತಿರುತ್ತಾರೆ, ಔಷಧಿಯ ಅಂಗಡಿಯೂ ಇಲ್ಲ, ಡಾಕ್ಟರೂ ಇಲ್ಲ. ದಡದಲ್ಲಿ ರಾತ್ರಿ ಮಲಗಬಹುದು, ಹೊತ್ತಿಗೆ ಉಣ್ಣಬಹುದು, ಕಷ್ಟವಾದರೆ ಬರಬಹುದು. ಆಗಸ್ಟ್ 1ಕ್ಕೆ ಬೋಟು ಹತ್ತುವಾಗ ನಿಕೋಟಿನ್ ಇಲ್ಲದೆ ಇರುವುದನ್ನು ಮಿದುಳು ಕಲಿತಿರುತ್ತದೆ.

ಆದರೆ ನಾಳೆಯೇ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬೋಟು ದಡ ಸೇರಿದ ಮೊದಲ ದಿನಗಳಲ್ಲಿ ಲೆಕ್ಕ ನೋಡುವುದು, ಪಾಲು ಹಂಚುವುದು, ಸ್ನೇಹಿತರು ಸೇರುವುದು, ಕೆಲವರಿಗೆ ಕುಡಿಯುವುದು ಇರುತ್ತದೆ. ಬಿಟ್ಟವರು ಮತ್ತೆ ಹಿಡಿಯುವುದು ಹೆಚ್ಚಾಗಿ ಕುಡಿದ ಹೊತ್ತಿನಲ್ಲಿ. ಒಂದು ವಾರ ಬಿಟ್ಟು ಒಂದು ದಿನ ಗೊತ್ತು ಮಾಡಿ, ಅದನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯವರಿಗೆ ತಿಳಿಸಿ. ಆ ವಾರದಲ್ಲಿ ಯಾವ ಯಾವ ಹೊತ್ತಿಗೆ, ಯಾರ ಜೊತೆ ಇದ್ದಾಗ, ಯಾಕೆ ಬಾಯಿಗೆ ಹಾಕಿದಿರಿ ಎಂದು ಗಮನಿಸಿ. ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ಬೇಕೇ ಬೇಕು ಎನ್ನುವವರ ಅವಲಂಬನೆ ಹೆಚ್ಚು, ಅವರಿಗೆ ಔಷಧಿಯ ಪ್ರಮಾಣವೂ ಹೆಚ್ಚು ಬೇಕಾಗುತ್ತದೆ. ಗೊತ್ತು ಮಾಡಿದ ದಿನದ ಹಿಂದಿನ ರಾತ್ರಿ ಮನೆಯಲ್ಲಿ, ಅಂಗಿಯ ಜೇಬಿನಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಇರುವುದನ್ನೆಲ್ಲ ತೆಗೆದುಹಾಕಿ. ಬೋಟಿನ ಕೋಣೆಯನ್ನು ಮರೆಯಬೇಡಿ. ಹಾಸಿಗೆಯ ಕೆಳಗೆ ಉಳಿದ ಒಂದು ಪೊಟ್ಟಣ ಎರಡು ತಿಂಗಳು ಕಾಯುತ್ತದೆ.

ಔಷಧಿಗಳಲ್ಲಿ ಸುಲಭವಾಗಿ ಸಿಗುವುದು ನಿಕೋಟಿನ್ ಗಮ್. ಎರಡು ಮಿಲಿಗ್ರಾಂನದ್ದು ಚೀಟಿಯಿಲ್ಲದೆಯೂ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಇದನ್ನು ಚ್ಯೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿದು, ಹೊಟ್ಟೆ ಉರಿದು, "ಇದು ನನಗೆ ಆಗುವುದಿಲ್ಲ" ಎಂದು ಬಿಡುವವರೇ ಬಹಳ. ಕ್ರಮ ಹೀಗೆ: ನಿಧಾನವಾಗಿ ಅಗಿಯಿರಿ, ಮೆಣಸಿನಂಥ ಚುರುಕು ರುಚಿ ಬಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಡಿ, ನೀವು ಇಷ್ಟು ವರ್ಷ ಸೊಪ್ಪು ಇಟ್ಟ ಜಾಗವೇ ಅದು, ಹುಡುಕಬೇಕಾಗಿಲ್ಲ. ಚುರುಕು ಇಳಿದ ಮೇಲೆ ಮತ್ತೆ ಅಗಿಯಿರಿ, ಜಾಗ ಬದಲಿಸಿ ಇಡಿ. ಒಂದು ಗಮ್ ಹೀಗೆ ಅರ್ಧ ಗಂಟೆ ಬರುತ್ತದೆ. ಹಾಕುವ ಕಾಲು ಗಂಟೆ ಮೊದಲಿನಿಂದ ಕಾಫಿ, ಸೋಡಾ ಕುಡಿಯಬೇಡಿ, ಕುಡಿದರೆ ನಿಕೋಟಿನ್ ಒಳಗೆ ಸೇರುವುದಿಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗಬೇಕು. ಬೇಕೆನಿಸಿದ ಮೇಲೆ ಹುಡುಕುವುದಕ್ಕಿಂತ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು ಒಳ್ಳೆಯದು. ಬಾಯಿ ಬಿಗಿದವರಿಗೆ ಅಗಿಯುವುದು ಕಷ್ಟ, ಅವರಿಗೆ ಚರ್ಮದ ಮೇಲೆ ಅಂಟಿಸುವ ಪ್ಯಾಚ್ ಇದೆ. ಬಹಳ ವರ್ಷದ ಚಟವಿದ್ದವರಿಗೆ ಪ್ಯಾಚ್ ಮತ್ತು ಗಮ್ ಎರಡನ್ನೂ ಸೇರಿಸಿ ಕೊಟ್ಟರೆ ಫಲ ಹೆಚ್ಚು. ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ, ಆದರೆ ಅವುಗಳನ್ನು ವೈದ್ಯರು ನೋಡಿಯೇ ಕೊಡಬೇಕು. ಇತ್ತೀಚೆಗೆ ಹೃದಯಾಘಾತವಾದವರು ಮತ್ತು ಗರ್ಭಿಣಿಯರು ಗಮ್ಮನ್ನು ಸಹ ಕೇಳದೆ ಬಳಸಬಾರದು. ಇ-ಸಿಗರೇಟಿಗೆ ಬದಲಾಗುತ್ತೇನೆ ಎನ್ನುವ ಯುವಕರು ಇದ್ದಾರೆ. ಅದರ ಮಾರಾಟವನ್ನು ದೇಶದಲ್ಲಿ 2019ರಲ್ಲೇ ನಿಷೇಧಿಸಲಾಗಿದೆ, ಅದರಲ್ಲಿರುವುದೂ ನಿಕೋಟಿನ್.

ಆಸೆ ಎದ್ದಾಗ ಅದು ಏರಿ, ಐದು–ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ದಾಟಿಸಲು ಏನಾದರೂ ಬೇಕು. ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ಲವಂಗ, ಏಲಕ್ಕಿ, ಒಣಗಿಸಿದ ನೆಲ್ಲಿಕಾಯಿ ಬಾಯಲ್ಲಿಡುವುದು, ಎದ್ದು ನಾಲ್ಕು ಹೆಜ್ಜೆ ಹೋಗುವುದು. ರಜೆಯಲ್ಲಿ ದೊಡ್ಡ ಪರೀಕ್ಷೆ ಬರುವುದು ಬಲೆ ರಿಪೇರಿಯ ಜಾಗದಲ್ಲಿ. ಆರೇಳು ಮಂದಿ ಸುತ್ತ ಕುಳಿತು ಕೈ ಬಲೆಯಲ್ಲಿ, ಬಾಯಿ ಮಾತಿನಲ್ಲಿ ಇರುವಾಗ ಒಂದು ಡಬ್ಬಿ ಕೈಯಿಂದ ಕೈಗೆ ದಾಟುತ್ತಾ ಬರುತ್ತದೆ. ಬೇಡ ಎನ್ನುವುದು ಒರಟಾಯಿತು ಎಂದು ಅನ್ನಿಸುತ್ತದೆ. ಒಂದು ಬೋಟಿನವರು ಒಟ್ಟಿಗೆ ಬಿಡಬೇಕೆಂದು ನಾನು ಕೇಳಿಕೊಳ್ಳುವುದು ಇದಕ್ಕೇ. ಎಲ್ಲರೂ ಬಿಡಲಾಗದಿದ್ದರೂ, ಬಿಟ್ಟವನ ಮುಂದೆ ಡಬ್ಬಿ ಚಾಚುವುದಿಲ್ಲ ಎಂದು ತಾಂಡೇಲರು ಒಂದು ಮಾತು ಹೇಳಿದರೆ ಸಾಕು, ಅವರ ಮಾತು ನಡೆಯುತ್ತದೆ.

ಅಕ್ಕಂದಿರಲ್ಲಿ ಒಂದು ವಿನಂತಿ. ಮೊದಲ ಎರಡು ವಾರ ಅವರು ಸಣ್ಣ ವಿಷಯಕ್ಕೂ ರೇಗಬಹುದು, ರಾತ್ರಿ ಎದ್ದು ಕೂರಬಹುದು, ಹೊಟ್ಟೆ ಸರಿಹೋಗದಿರಬಹುದು, ಸೇದುವವರಾಗಿದ್ದರೆ ಕೆಮ್ಮು ಮೊದಲಿಗಿಂತ ಜಾಸ್ತಿ ಕಾಣಬಹುದು. ಅದು ಶ್ವಾಸನಾಳದ ಒಳಗಿನ ಸಣ್ಣ ರೋಮಗಳು ಮತ್ತೆ ಕೆಲಸ ಶುರುಮಾಡಿ ಕಫವನ್ನು ಹೊರಗೆ ತಳ್ಳುವ ಲಕ್ಷಣ. "ಇದಕ್ಕಿಂತ ತಿನ್ನುತ್ತಿದ್ದದ್ದೇ ವಾಸಿ" ಎಂಬ ಮಾತು ನಿಮ್ಮ ಬಾಯಿಂದ ಬರದಿರಲಿ. ಅವರು ಕಾಯುತ್ತಿರುವ ಅನುಮತಿ ಅದೇ. ಆದಾಯವಿಲ್ಲದ ಎರಡು ತಿಂಗಳಲ್ಲಿ, ದಿನಕ್ಕೆ ₹50 ಖರ್ಚು ಮಾಡುತ್ತಿದ್ದವರ ಮನೆಯಲ್ಲಿ 61 ದಿನಕ್ಕೆ ₹3,050 ಉಳಿಯುತ್ತದೆ, ಅದನ್ನು ಬೇರೆಯೇ ಡಬ್ಬಿಯಲ್ಲಿ ಹಾಕಿಡಿ, ಕಣ್ಣಿಗೆ ಕಾಣಲಿ. ಬೀಡಿ ಕಟ್ಟುವವರು ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಗುವನ್ನು ಪಕ್ಕದಲ್ಲಿ ಮಲಗಿಸಿ ಕಟ್ಟಬೇಡಿ, ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಆ ಧೂಳಿನಲ್ಲಿಯೂ ನಿಕೋಟಿನ್ ಇದೆ.

ಸಲಹೆಗೆ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗಬಹುದು, ಮಂಗಳೂರಿನ ಕಡೆಯವರು ವೆನ್ಲಾಕ್ ಆಸ್ಪತ್ರೆಗೆ ಹೋಗಬಹುದು. ಹೋಗಲಾಗದವರು 1800-11-2356ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಒಂದು ಕೇಂದ್ರವಿರುವುದರಿಂದ ಕನ್ನಡದಲ್ಲೇ ಮಾತನಾಡಬಹುದು. ನಂಬರು ಮರೆತರೆ ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿದೆ.

ಸಭೆಯಲ್ಲಿ ಒಬ್ಬ ಹಿರಿಯರು ಎದ್ದು, "ನನಗೆ ಅರವತ್ತು ದಾಟಿತು ಡಾಕ್ಟ್ರೇ, ಇನ್ನು ಬಿಟ್ಟು ಏನು ಪ್ರಯೋಜನ?" ಎಂದು ಕೇಳಿದರು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಎಂಬ ವೈದ್ಯವಿಜ್ಞಾನಿ 1951ರಲ್ಲಿ ಆರಂಭಿಸಿ, ಅಲ್ಲಿನ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿ ಮಾಡಿದ ಅಧ್ಯಯನವೊಂದಿದೆ. ಸಿಗರೇಟು ಸೇದುವವರು ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ ಎಂದು 2004ರಲ್ಲಿ ಪ್ರಕಟವಾದ ಅದರ ಫಲಿತಾಂಶ ತೋರಿಸಿತು. ಮೂವತ್ತರಲ್ಲಿ ಬಿಟ್ಟವರು ಆ ಹತ್ತು ವರ್ಷವನ್ನೂ, ನಲವತ್ತರಲ್ಲಿ ಬಿಟ್ಟವರು ಒಂಬತ್ತನ್ನು, ಐವತ್ತರಲ್ಲಿ ಆರನ್ನು, ಅರವತ್ತರಲ್ಲಿ ಬಿಟ್ಟವರು ಮೂರು ವರ್ಷವನ್ನು ಮರಳಿ ಪಡೆದರು. ಮೂರು ವರ್ಷ ಎಂದರೆ ಮೊಮ್ಮಗಳ ಮದುವೆಗೆ ಇರುವುದೋ ಇಲ್ಲದಿರುವುದೋ ಎಂಬ ವ್ಯತ್ಯಾಸ ಎಂದು ಅವರಿಗೆ ಹೇಳಿದೆ. ನನ್ನ ಅಪ್ಪನಿಗೆ ಆ ಮೂರು ವರ್ಷ ಸಿಕ್ಕಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ.

ಇನ್ನೊಬ್ಬರು, ಮೂರು ಸಲ ಬಿಟ್ಟು ಮೂರು ಸಲವೂ ಹಿಡಿದವರು, ನಾಲ್ಕನೆಯ ಸಲಕ್ಕೆ ಅರ್ಥವಿದೆಯೇ ಎಂದರು. ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಬಿಟ್ಟು ಹಿಡಿದವರೇ. ಮೂರನೆಯ ಸಲ ಎಲ್ಲಿ ತಪ್ಪಿತು ಎಂದು ಕೇಳಿದೆ. ಆಗಸ್ಟಿನ ಮೊದಲ ಟ್ರಿಪ್ಪಿನಲ್ಲಿ, ರಾತ್ರಿ ಕಾವಲಿನ ಹೊತ್ತಿಗೆ ಎಂದರು. ಹಾಗಾದರೆ ಅವರು ಈ ಸಲ ಮಾಡಬೇಕಾದ ತಯಾರಿ ಆ ರಾತ್ರಿಗೆ. ಬೋಟಿಗೆ ಮಂಜುಗಡ್ಡೆ, ಡೀಸೆಲ್, ಅಕ್ಕಿ ತುಂಬುವಾಗ ಅದರ ಜೊತೆಗೆ ಹತ್ತು ದಿನಕ್ಕೆ ಸಾಲುವಷ್ಟು ಗಮ್, ನೀರು ತಾಗದ ಡಬ್ಬಿಯಲ್ಲಿ ಲವಂಗ, ಒಂದು ಫ್ಲಾಸ್ಕಿನಲ್ಲಿ ಬಿಸಿ ಕಷಾಯ, ಮತ್ತು ಮೊದಲ ಟ್ರಿಪ್ಪಿನಲ್ಲಿ ಒಬ್ಬರೇ ಕಾವಲು ಕೂರದಂತೆ ತಾಂಡೇಲರ ಬಳಿ ಮುಂಚಿತವಾಗಿ ಒಂದು ಮಾತು. ಜಾರಿ ಒಂದು ಸಲ ಬಾಯಿಗೆ ಹಾಕಿದರೂ ಎಲ್ಲವೂ ಮುಗಿಯಿತು ಎಂದು ಪೊಟ್ಟಣ ಖಾಲಿ ಮಾಡಬೇಡಿ. ಉಗುಳಿ, ಬಾಯಿ ತೊಳೆದು, ಅದೇ ಗಂಟೆಯಿಂದ ಮುಂದುವರಿಸಿ.

ಕೊನೆಯದಾಗಿ ಇಂದಿನ ಕೆಲಸ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬೆಳಕು ಹಿಡಿದು ಬಾಯಿ ನೋಡಿದರು, ಅಷ್ಟೇ. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದದ್ದು 2005ರಲ್ಲಿ ಪ್ರಕಟವಾಯಿತು. ಯಂತ್ರವಿಲ್ಲ, ಸೂಜಿಯಿಲ್ಲ, ಎರಡು ನಿಮಿಷದ ಕೆಲಸ. ಹಿಂದಿನ ಬಾಗಿಲ ಬಳಿ ನಮ್ಮ ವಿದ್ಯಾರ್ಥಿಗಳು ಟಾರ್ಚು ಹಿಡಿದು ಕುಳಿತಿದ್ದಾರೆ. ತಂಬಾಕು ತಿನ್ನುವವರು, ಸೇದುವವರು, ಬಿಟ್ಟವರು, ಎರಡು ವಾರಕ್ಕೂ ಮಾಯದ ಹುಣ್ಣಿರುವವರು ಎಲ್ಲರೂ ಬನ್ನಿ. ಬಾಯಲ್ಲಿ ಈಗಲೂ ಸೊಪ್ಪು ಇರುವವರು ಇದ್ದರೆ ಸಂಕೋಚ ಬೇಡ, ಬಾಗಿಲ ಬಲಗಡೆ ನೀರಿನ ಡ್ರಮ್ಮು, ಚೊಂಬು ಇಟ್ಟಿದ್ದೇವೆ. ತೊಳೆದುಕೊಂಡು ಸಾಲಿನಲ್ಲಿ ಕುಳಿತುಕೊಳ್ಳಿ, ನಾನೂ ಅಲ್ಲಿಗೇ ಬರುತ್ತೇನೆ.